ದಾರಿ ಕಡಿದರೂ ಮಾತು ಕಡಿಯಬಾರದು

ಚಿತ್ತಾಪುರ ತಾಲ್ಲೂಕಿನ ರಾವೂರ ಕಲ್ಲಿನ ನೆಲದ ಮೇಲೆ ನಿಂತ ಊರು. ಶಹಾಬಾದಿನ ಹೆಸರಿನಿಂದ ನಾಡಿನಲ್ಲೆಲ್ಲ ಮಾರಾಟವಾಗುವ ಹಾಸುಗಲ್ಲು ಈ ಸೀಮೆಯ ಗಣಿಗಳಲ್ಲಿ ದೊರೆಯುವುದೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಮನೆ ಕಟ್ಟುವವನಿಗೆ ವರವಾದ ಈ ಕಲ್ಲು ನೆಲದಡಿಯಲ್ಲಿ ಕೇಬಲ್ ಹೂಳುವವನಿಗೆ ಮಾತ್ರ ದೊಡ್ಡ ವಿಘ್ನ. ಸಾಧಾರಣ ಮಣ್ಣಿನಲ್ಲಿ ಗಾಜಿನೆಳೆಯ ಕೇಬಲ್ಲನ್ನು 1.65 ಮೀಟರ್ ಆಳದಲ್ಲಿ ಹೂಳುವುದು ನಮ್ಮ ದೇಶದಲ್ಲಿ ರೂಢಿಯಾಗಿರುವ ಕ್ರಮ. ಬಂಡೆಯ ನೆಲದಲ್ಲಿ ಅಷ್ಟು ಆಳಕ್ಕೆ ಹೋಗುವುದು ಕಷ್ಟವಾದುದರಿಂದ ಕೊಳವೆಯ ರಕ್ಷಣೆ ಕೊಟ್ಟು ಮೇಲುಮೇಲೆಯೇ ಹಾಯಿಸುವುದೂ ಉಂಟು. ಹೀಗಿರುವಲ್ಲಿ ರಸ್ತೆಯನ್ನು ಅಗಲಗೊಳಿಸಲು ಬಂದ ಜೆಸಿಬಿಯ ಹಲ್ಲಿಗೆ ಕೇಬಲ್ ಸಿಕ್ಕಿತೆಂದರೆ ಅದೇನೂ ಸೋಜಿಗದ ಸಂಗತಿಯಲ್ಲ.

ಕಳೆದ ವರ್ಷ ಅಂಥದೇ ಒಂದು ಮಧ್ಯಾಹ್ನ ನಾವು ರಾವೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿದ್ದೆವು. ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಅಲ್ಲಿನ ಕಂಪ್ಯೂಟರಿನ ಮುಂದೆ ಕುಳಿತು ಒಂದು ಪ್ರವೇಶಪರೀಕ್ಷೆಯ ಅರ್ಜಿಯನ್ನು ತುಂಬುತ್ತಿದ್ದಳು. ಏಳು ಪುಟಗಳ ಅರ್ಜಿ, ಆರು ಮುಗಿದಿದ್ದವು, ಶುಲ್ಕ ಪಾವತಿಯ ಗುಂಡಿಯನ್ನೂ ಒತ್ತಿಯಾಗಿತ್ತು. ಆಗ ಕೇಬಲ್ ಕಡಿಯಿತು. ಅಂಗಡಿಯವರು ಇಂಥದಕ್ಕೆಲ್ಲ ಪಳಗಿದವರು; ಒಂದು ನಿಮಿಷ ಕಳೆಯುವುದರೊಳಗೆ ತಮ್ಮ ಮೊಬೈಲಿನಲ್ಲಿ ಹಾಟ್‌ಸ್ಪಾಟ್ ತೆರೆದು ಕಂಪ್ಯೂಟರನ್ನು ಅದಕ್ಕೆ ಜೋಡಿಸಿದರು. ತೆರೆಯ ಮೇಲೆ ಪುಟವೇನೋ ಮೂಡಿತು. ಆದರೆ ಮೂಡಿದ್ದು ಮೊಟ್ಟಮೊದಲಿನ ಪುಟ. ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಒಳಹೊಗಬೇಕೆಂಬ ಆಜ್ಞೆ. ಮೊದಲ ಎರಡು ಯತ್ನಗಳಿಗೆ ಅದು ಒಲಿಯಲೂ ಇಲ್ಲ. "ನೆಟ್ ಬಂದದ್ರಿ ಸರ್, ಆದ್ರ ಅದು ಒಳಗ ಬಿಡವಲ್ದು" ಎಂದರು ಅಂಗಡಿಯವರು. ಕೊನೆಗೆ ಒಳಹೊಕ್ಕು ನೋಡಿದಾಗ ತುಂಬಿದ ಆರು ಪುಟಗಳೂ ಬರಿದಾಗಿದ್ದವು. ಬ್ಯಾಂಕಿನಿಂದ ಹಣ ಸಂದಾಯವಾಯಿತೆಂಬ ಸಂದೇಶ ಮಾತ್ರ ಅವಳ ತಂದೆಯ ಮೊಬೈಲಿಗೆ ತಪ್ಪದೆ ತಲುಪಿತ್ತು.

ಪರೀಕ್ಷೆ ಯಾವ ಸಂಸ್ಥೆಯದೆಂಬುದು ಇಲ್ಲಿ ಮುಖ್ಯವಲ್ಲ. ಅಂಗಡಿಯವರ ಆ ಮಾತಿನಲ್ಲಿ ಒಂದು ದೊಡ್ಡ ಶಾಸ್ತ್ರವಿಚಾರವೇ ಅಡಗಿದೆ. ನೆಟ್ ಬರುವುದು ಬೇರೆ, ಒಳಗೆ ಬಿಡುವುದು ಬೇರೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ದಾರಿ ಕಡಿದಾಗ ಬದಲಿ ದಾರಿಯನ್ನು ಒದಗಿಸುವ ವಿದ್ಯೆ ಬಹಳ ಮುಂದುವರಿದಿದೆ. ಆ ದಾರಿಯಲ್ಲಿ ನಡೆಯುತ್ತಿದ್ದ ಮಾತನ್ನು ಉಳಿಸಿಕೊಳ್ಳುವ ವಿದ್ಯೆಯೂ ಇಂದು ಗೊತ್ತಿರುವುದೇ. ಆದರೆ ಅದನ್ನು ಸಾರ್ವಜನಿಕ ಸೇವೆಗಳಲ್ಲಿ ಬಳಸುವ ಶ್ರದ್ಧೆ ಸಾಲದು. ಈ ಅಶ್ರದ್ಧೆಯ ದಂಡವನ್ನು ತೆರುತ್ತಿರುವವರು ರಾವೂರಿನಂಥ ಊರುಗಳವರು.

ದೂರದ ಕಂಪ್ಯೂಟರಿನೊಡನೆ ನಾವು ವ್ಯವಹರಿಸುವಾಗ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಸಂಕೇತಗಳು ಹರಿಯುವ ದಾರಿ: ಕೇಬಲ್ಲು, ಗೋಪುರ, ರೂಟರು ಮೊದಲಾದುವು. ಇನ್ನೊಂದು, ತುದಿಯ ಎರಡು ಯಂತ್ರಗಳ ನಡುವಣ ವ್ಯವಹಾರದ ನೆನಪು: ಈತ ಯಾರು, ಏನನ್ನು ಹೇಳಿದ, ಎಲ್ಲಿಯವರೆಗೆ ಕೇಳಿಸಿಕೊಂಡೆ ಎಂಬ ಲೆಕ್ಕ. ಈ ಲೆಕ್ಕ ಜೀವಂತವಾಗಿರುವ ಅವಧಿಗೆ ಸೆಷನ್ ಎಂದು ಹೆಸರು. ಒಂದು ದಾರಿ ಕೆಟ್ಟಾಗ ಇನ್ನೊಂದಕ್ಕೆ ಹೊರಳುವ ಏರ್ಪಾಡನ್ನು ಇಂಜಿನಿಯರುಗಳು ಫೇಲ್‌ಓವರ್ ಎಂದು ಕರೆಯುತ್ತಾರೆ.

ಈ ಹೊರಳುವಿಕೆಗೆ ಹಿಡಿಯುವ ಕಾಲ ಒಂದೊಂದು ಮಟ್ಟದಲ್ಲಿ ಒಂದೊಂದು ಬಗೆ. ಉಂಗುರದಂತೆ ಹಾಸಿದ ಗಾಜಿನೆಳೆಯ ಜಾಲ ಒಂದೆಡೆ ಕಡಿದರೆ ಸಂಕೇತವನ್ನು ಇನ್ನೊಂದು ದಿಕ್ಕಿನಿಂದ ಸುತ್ತಿ ತರಲು 50 ಮಿಲಿಸೆಕೆಂಡು ಸಾಕು; ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಒಂದು ಕಚೇರಿಯ ಹೆಬ್ಬಾಗಿಲಿನಲ್ಲಿ ಎರಡು ರೂಟರುಗಳನ್ನಿಟ್ಟು, ಎರಡೂ ಒಂದೇ ವಿಳಾಸಕ್ಕೆ ಓಗೊಡುವಂತೆ ಮಾಡುವ ಪದ್ಧತಿಯೊಂದು 1998ರಲ್ಲಿ ಪ್ರಕಟವಾಯಿತು. ಮೊದಲನೆಯದು ಸೆಕೆಂಡಿಗೊಮ್ಮೆ ತಾನಿರುವೆನೆಂದು ಸಾರುತ್ತಿರುತ್ತದೆ. ಸುಮಾರು ಮೂರು ಸೆಕೆಂಡು ಆ ಸಾರಿಕೆ ಕೇಳಿಬರದಿದ್ದರೆ ಎರಡನೆಯದು ಪಟ್ಟಕ್ಕೇರುತ್ತದೆ. ದೊಡ್ಡ ದೊಡ್ಡ ಜಾಲಗಳು ತಮ್ಮತಮ್ಮೊಳಗೆ ದಾರಿ ಗೊತ್ತುಮಾಡಿಕೊಳ್ಳುವ ಬಿಜಿಪಿ ಎಂಬ ಕಟ್ಟಳೆಯಲ್ಲಿ, ನೆರೆಯವನು ಇಲ್ಲವಾದನೆಂದು ತೀರ್ಮಾನಿಸಲು ಸೂಚಿಸಿರುವ ಅವಧಿ 90 ಸೆಕೆಂಡು. ಎಲ್ಲವನ್ನೂ ಕೂಡಿದರೂ ಒಂದೆರಡು ನಿಮಿಷಗಳ ಮಾತು. ನಮ್ಮ ವಿದ್ಯಾರ್ಥಿನಿ ಕಳೆದುಕೊಂಡದ್ದು ಇಡೀ ಮಧ್ಯಾಹ್ನವನ್ನು.

ಈ ವ್ಯತ್ಯಾಸವನ್ನು ತರಗತಿಯಲ್ಲಿ ತೋರಿಸಲು ನಾವು ಒಂದು ಸುಲಭ ಪ್ರಯೋಗವನ್ನು ಮಾಡಿದೆವು. ಲಿನಕ್ಸ್ ವ್ಯವಸ್ಥೆಯುಳ್ಳ ಎರಡು ಕಂಪ್ಯೂಟರುಗಳನ್ನು ಪ್ರಯೋಗಶಾಲೆಯ ಎರಡು ತುದಿಗಳಲ್ಲಿಟ್ಟು, ಒಂದೊಂದನ್ನು ಒಂದೊಂದು ಸ್ವಿಚ್ಚಿಗೆ ಜೋಡಿಸಿ, ಆ ಎರಡು ಸ್ವಿಚ್ಚುಗಳ ನಡುವೆ ಒಂದು ಕೇಬಲ್ ಎಳೆದೆವು. ಒಂದರಲ್ಲಿ ಕುಳಿತ ವಿದ್ಯಾರ್ಥಿ ಇನ್ನೊಂದರೊಳಕ್ಕೆ ಪ್ರವೇಶಿಸಿ, ತಾನು ಒತ್ತಿದ ಅಕ್ಷರಗಳು ಅಲ್ಲಿಗೆ ಹೋಗಿ ಮರಳಿ ತನ್ನ ತೆರೆಯ ಮೇಲೆ ಮೂಡುವುದನ್ನು ನೋಡುತ್ತಿದ್ದ. ಆಗ ನಡುವಣ ಕೇಬಲ್ಲನ್ನು ಕಿತ್ತು, ಅವನ ಊರಿನ ಹೆಸರನ್ನು ಟೈಪು ಮಾಡೆಂದೆವು. ತೆರೆಯ ಮೇಲೆ ಏನೂ ಕಾಣಲಿಲ್ಲ. 40 ಸೆಕೆಂಡು ಬಿಟ್ಟು ಕೇಬಲ್ಲನ್ನು ಮತ್ತೆ ಸಿಕ್ಕಿಸಿದೆವು. ಆಗಲೂ ಏನೂ ಇಲ್ಲ. ತರಗತಿಯಲ್ಲಿ ನಗು ಎದ್ದಿತು. ಇನ್ನೂ ಸುಮಾರು ಹತ್ತು ಸೆಕೆಂಡು ಕಳೆದ ಮೇಲೆ, ಒತ್ತಿದ್ದ ಅಕ್ಷರಗಳೆಲ್ಲ ಒಮ್ಮೆಗೇ ಸಾಲಾಗಿ ಮೂಡಿ ನಿಂತವು. ಸೆಷನ್ನಿಗೆ ಯಾವ ಅಪಾಯವೂ ಆಗಿರಲಿಲ್ಲ.

ಆ ಹತ್ತು ಸೆಕೆಂಡಿನ ತಡಕ್ಕೆ ಕಾರಣ ಗಣಿತದಲ್ಲಿದೆ. ಟಿಸಿಪಿ ಎಂಬ ಕಟ್ಟಳೆ ಪ್ರತಿಯೊಂದು ಬೈಟಿಗೂ ಕ್ರಮಸಂಖ್ಯೆ ಕೊಟ್ಟು ಕಳುಹಿಸುತ್ತದೆ. ಮುಟ್ಟಿತೆಂಬ ರಸೀದಿ ಬಾರದಿದ್ದರೆ ಅದನ್ನೇ ಮತ್ತೆ ಕಳುಹಿಸುತ್ತದೆ. ಹಾಗೆ ಮಾಡುವಾಗ ಕಾಯುವ ಅವಧಿಯನ್ನು ಪ್ರತಿ ಸಲವೂ ಇಮ್ಮಡಿಸುತ್ತದೆ. ನಮ್ಮ ಯಂತ್ರದಲ್ಲಿ ಮೊದಲ ಅವಧಿ ಸುಮಾರು 0.2 ಸೆಕೆಂಡು, ಆಮೇಲೆ 0.4, 0.8, 1.6 ಹೀಗೆ. ಈ ಗುಣೋತ್ತರ ಶ್ರೇಣಿಯನ್ನು ಕೂಡಿದರೆ ಏಳನೆಯ ಯತ್ನ 25.4 ಸೆಕೆಂಡಿಗೂ ಎಂಟನೆಯದು 51 ಸೆಕೆಂಡಿಗೂ ಬೀಳುತ್ತದೆ. ಕೇಬಲ್ಲು ಕೂಡಿದುದು 40ರಲ್ಲಿ. ಮುಂದಿನ ಯತ್ನ 51ರಲ್ಲಿ. ದಟ್ಟಣೆಯಿಂದ ಬಳಲಿರುವ ದಾರಿಯನ್ನು ಪದೇಪದೇ ತಿವಿದು ಇನ್ನಷ್ಟು ಕೆಡಿಸಬಾರದೆಂಬ ಸೌಜನ್ಯಕ್ಕಾಗಿ ಈ ಇಮ್ಮಡಿಸುವಿಕೆ. ಲಿನಕ್ಸ್ ಹೀಗೆ ಸುಮಾರು 15 ನಿಮಿಷದವರೆಗೆ ಪ್ರಯತ್ನವನ್ನು ಬಿಡುವುದಿಲ್ಲ. ಮನುಷ್ಯರಲ್ಲಿ ಇಷ್ಟು ತಾಳ್ಮೆಯುಳ್ಳವರು ಕಡಿಮೆ.

ಬಳಿಕ ಪ್ರಯೋಗದ ಎರಡನೆಯ ಭಾಗ. ಈ ಸಲ ಕೇಬಲ್ಲನ್ನು ಕಿತ್ತು ಸುಮ್ಮನಿರದೆ, ವಿದ್ಯಾರ್ಥಿಯ ಕಂಪ್ಯೂಟರನ್ನು ಕಾಲೇಜಿನ ವೈಫೈಗೆ ಹೊರಳಿಸಿದೆವು. ಎರಡು ಮೂರು ಸೆಕೆಂಡಿನ ಕೆಲಸ. ಅಂದರೆ ಮೊದಲಿನದಕ್ಕಿಂತ ಎಷ್ಟೋ ಚಿಕ್ಕ ವಿರಾಮ. ದಾರಿ ಸುಸ್ಥಿತಿಯಲ್ಲಿದೆ, ಬೇರೆ ಪುಟಗಳು ತೆರೆಯುತ್ತವೆ. ಆದರೆ ಆ ಹಳೆಯ ಸೆಷನ್ನಿನಲ್ಲಿ ಒತ್ತಿದ ಅಕ್ಷರಗಳು ಎಷ್ಟು ಕಾದರೂ ಮೂಡಲಿಲ್ಲ. 40 ಸೆಕೆಂಡಿನ ಸಾವಿನಿಂದ ಎದ್ದು ಬಂದುದು ಮೂರು ಸೆಕೆಂಡಿನ ಪಲ್ಲಟವನ್ನು ತಾಳಲಾರದೆ ಹೋಯಿತೇಕೆ?

ಟಿಸಿಪಿ ತನ್ನ ಸಂಪರ್ಕವನ್ನು ಗುರುತಿಸುವುದು ನಾಲ್ಕು ಸಂಖ್ಯೆಗಳಿಂದ: ಎರಡು ತುದಿಗಳ ಐಪಿ ವಿಳಾಸಗಳು, ಎರಡು ತುದಿಗಳ ಪೋರ್ಟ್ ಸಂಖ್ಯೆಗಳು. ಕೇಬಲ್ಲಿನಿಂದ ವೈಫೈಗೆ ಹೊರಳಿದೊಡನೆ ಒಂದು ತುದಿಯ ವಿಳಾಸ ಬದಲಾಯಿತು. ಆ ಕ್ಷಣದಿಂದ ಆಚೆಯ ಯಂತ್ರಕ್ಕೆ ಈತ ಅಪರಿಚಿತ. ಈ ಕಟ್ಟಳೆಗೆ 1981ರಲ್ಲಿ ಸ್ಥಿರರೂಪ ಬಂದಾಗ ಕಂಪ್ಯೂಟರು ಕೋಣೆಯನ್ನು ಬಿಟ್ಟು ಕದಲದ ವಸ್ತುವಾಗಿತ್ತು. ಯಂತ್ರದ ಗುರುತೂ ಅದು ನಿಂತ ನೆಲೆಯೂ ಒಂದೇ ಎಂದು ಎಣಿಸಿದುದು ಆಗ ತಪ್ಪೆನಿಸಲಿಲ್ಲ. ಅಂತರ್ಜಾಲದ ನಿರ್ಮಾಪಕರಲ್ಲೊಬ್ಬರಾದ ಡೇವಿಡ್ ಕ್ಲಾರ್ಕ್ ಅವರು 1988ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನಡುವಣ ಜಾಲಗಳೂ ದ್ವಾರಯಂತ್ರಗಳೂ ನಾಶವಾದರೂ ಸಂವಾದ ಮುಂದುವರಿಯಬೇಕೆಂಬುದನ್ನು ವಿನ್ಯಾಸದ ಗುರಿಗಳಲ್ಲಿ ಅಗ್ರಸ್ಥಾನದಲ್ಲಿ ಎಣಿಸಿದ್ದಾರೆ. ಅದಕ್ಕಾಗಿ ಸಂವಾದದ ನೆನಪನ್ನು ನಡುವಣ ಯಂತ್ರಗಳಲ್ಲಿಡದೆ ತುದಿಗಳಲ್ಲಿಯೇ ಇಟ್ಟರು. ತುದಿಯ ಯಂತ್ರವೇ ಸತ್ತರೆ ನೆನಪು ಹೋಗಲಿ, ದಾರಿಯ ಯಂತ್ರ ಸತ್ತುದಕ್ಕೆ ಹೋಗಬಾರದು ಎಂಬುದು ಅವರ ನಿಲುವು. ನೆನಪನ್ನು ಸರಿಯಾದ ಸ್ಥಳದಲ್ಲಿಟ್ಟರು. ಆದರೆ ಅದಕ್ಕೆ ಕಟ್ಟಿದ ಹೆಸರಿನಲ್ಲಿ ದಾರಿಯ ವಿಳಾಸ ಸೇರಿಕೊಂಡಿತು.

ನಮ್ಮ ಸೀಮೆಯದೇ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ರಾವೂರಿನ ಸಮೀಪದ ವಾಡಿ ಹೆಸರಾಂತ ರೈಲ್ವೆ ಜಂಕ್ಷನ್. ಮುಂಬಯಿಯಿಂದ ಬರುವ ಹಳಿ ಇಲ್ಲಿ ಕವಲೊಡೆದು ಒಂದು ರಾಯಚೂರಿನತ್ತ, ಇನ್ನೊಂದು ಚಿತ್ತಾಪುರ ಸೇಡಂಗಳ ಮೇಲೆ ಸಿಕಂದರಾಬಾದಿನತ್ತ ಸಾಗುತ್ತದೆ. ಎರಡನೆಯದು 1874ರಲ್ಲಿ ತೆರೆದ ನಿಜಾಮರ ಕಾಲದ ಮಾರ್ಗ. ಸಿಕಂದರಾಬಾದಿನಿಂದ ಹೊರಟ ಗಾಡಿಯನ್ನು, ವಾಡಿಯ ಬಳಿ ಹಳಿಗೆ ತೊಂದರೆಯಾದುದರಿಂದ, ವಿಕಾರಾಬಾದಿನಲ್ಲಿಯೇ ಬೀದರಿನ ಕಡೆಗೆ ತಿರುಗಿಸಿದರೆಂದು ಭಾವಿಸಿರಿ. ಪ್ರಯಾಣಿಕನು ತಡವಾಯಿತೆಂದು ಗೊಣಗಿಯಾನು. ಆದರೆ ಅವನ ಮಲಗುವ ಜಾಗ ಅವನದೇ. ಏಕೆಂದರೆ ಅವನ ಹಕ್ಕು ಇರುವುದು ಹತ್ತು ಅಂಕೆಗಳ ಪಿಎನ್‌ಆರ್ ಸಂಖ್ಯೆಯಲ್ಲಿ, ಗಾಡಿ ಯಾವ ಊರುಗಳ ಮೇಲೆ ಹೋಯಿತೆಂಬುದರಲ್ಲಿ ಅಲ್ಲ. ಮಾರ್ಗ ಬದಲಾದ ಗಾಡಿಯ ಪ್ರಯಾಣಿಕರನ್ನೆಲ್ಲ ಬೀದರಿನಲ್ಲಿ ಇಳಿಸಿ ಹೊಸದಾಗಿ ಟಿಕೆಟು ಕೊಳ್ಳಿರೆಂದು ರೈಲ್ವೆಯವರು ಹೇಳಿದರೆ ನಾವು ಸುಮ್ಮನಿರುವೆವೆ? ಟಿಸಿಪಿ ಮಾಡುವುದು ಅದನ್ನೇ.

ಮೊಬೈಲಿನಲ್ಲಿ ಮಾತಾಡುತ್ತ ಶಹಾಬಾದಿನಿಂದ ಕಲಬುರಗಿಗೆ ಹೋಗುವಾಗ ಗೋಪುರದಿಂದ ಗೋಪುರಕ್ಕೆ ದಾಟಿದರೂ ಕರೆ ಕಡಿಯುವುದಿಲ್ಲವಲ್ಲ ಎಂದು ಚುರುಕಾದ ವಾಚಕರು ಕೇಳಬಹುದು. ನಿಜ. ಅಲ್ಲಿ ಗೋಪುರ ಬದಲಾದರೂ ಕಂಪನಿಯ ಒಳಗಿನ ಒಂದು ಯಂತ್ರ ನಮ್ಮನ್ನು ಹಿಡಿದಿಟ್ಟುಕೊಂಡಿರುವುದರಿಂದ ವಿಳಾಸ ಬದಲಾಗುವುದಿಲ್ಲ. ಒಂದು ಕಂಪನಿಯ ಕೇಬಲ್ಲಿನಿಂದ ಇನ್ನೊಂದರ ಗೋಪುರಕ್ಕೆ ಹೊರಳಿದಾಗ ಹಾಗೆ ಹಿಡಿದಿಡುವವರು ಯಾರೂ ಇಲ್ಲ. ಹಳ್ಳಿಯಲ್ಲಿ ನಿತ್ಯವೂ ನಡೆಯುವುದು ಈ ಎರಡನೆಯ ಬಗೆಯ ಪಲ್ಲಟ.

ದೂರದ ಯಂತ್ರದಲ್ಲಿ ಕುಳಿತಲ್ಲಿಂದಲೇ ದುಡಿಯುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮುಂದೆ ಉಪಗ್ರಹದ ಮೂಲಕ ಹೊರದೇಶದ ತನ್ನ ಯಂತ್ರಗಳೊಡನೆ ಸಂಪರ್ಕ ಪಡೆಯಿತು; ಬೆಂಗಳೂರಿನ ಇಂದಿನ ಉದ್ಯಮಕ್ಕೆ ಅದು ಒಂದು ನಾಂದಿ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಸಮುದ್ರದಡಿಯ ಎರಡು ಕೇಬಲ್ಲುಗಳು ಕೆಟ್ಟಾಗ ಭಾರತದ ಅಂತರ್ಜಾಲ ಸಾಮರ್ಥ್ಯದಲ್ಲಿ ಸುಮಾರು ಅರ್ಧ ಕುಂದಿತೆಂದು ವರದಿಯಾಯಿತು. ಪೂರ್ವದಿಕ್ಕಿನ ಕೇಬಲ್ಲುಗಳಲ್ಲಿಯೂ ಪಾಲು ಪಡೆದಿದ್ದ ದೊಡ್ಡ ಕಂಪನಿಗಳು ಅತ್ತ ಹೊರಳಿಕೊಂಡವು. ಅವರ ಹೆಬ್ಬಾಗಿಲಿನಲ್ಲಿ ವಿಪಿಎನ್ ದ್ವಾರಯಂತ್ರಗಳು ಜೋಡಿಯಾಗಿ ಇರುವುದು ವಾಡಿಕೆ. ಒಂದು ನಡೆಸುತ್ತಿರುವ ಸೆಷನ್ನುಗಳ ಪಟ್ಟಿಯನ್ನು, ಗುಪ್ತಕೀಲಿಗಳ ಸಮೇತ, ಇನ್ನೊಂದು ಕ್ಷಣಕ್ಷಣಕ್ಕೂ ನಕಲು ಮಾಡಿಕೊಳ್ಳುತ್ತಿದ್ದರೆ, ಒಂದು ಬಿದ್ದುದು ದೂರದ ಉದ್ಯೋಗಿಗೆ ತಿಳಿಯುವುದೇ ಇಲ್ಲ. ನಕಲು ಇಲ್ಲದಿದ್ದರೆ ಎಲ್ಲರೂ ಒಟ್ಟಿಗೇ ಹೊರಬೀಳುತ್ತಾರೆ, ಒಟ್ಟಿಗೇ ಮತ್ತೆ ಬಾಗಿಲು ತಟ್ಟುತ್ತಾರೆ. ಆ ನೂಕುನುಗ್ಗಲಿಗೆ ಎರಡನೆಯ ಯಂತ್ರವೂ ಕುಸಿದರೆ ಆಶ್ಚರ್ಯವಿಲ್ಲ. 2020ರ ಲಾಕ್‌ಡೌನಿನಲ್ಲಿ ಊರಿಗೆ ಮರಳಿ ಹಜಾರದಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಸೂಕ್ಷ್ಮ ಅನುಭವದಿಂದಲೇ ಗೊತ್ತು.

ಪರಿಹಾರಗಳು ಹೊಸವಲ್ಲವೆಂದೆವು. 1987ರಲ್ಲಿಯೇ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸ್ಕ್ರೀನ್ ಎಂಬ ಪ್ರೋಗ್ರಾಮು ಹುಟ್ಟಿತು. ಸಂಪರ್ಕ ಕಡಿದರೂ ಕೆಲಸ ದೂರದ ಯಂತ್ರದಲ್ಲಿ ಹಾಗೆಯೇ ನಿಂತಿದ್ದು, ಬಳಕೆದಾರ ಮರಳಿ ಬಂದಾಗ ಬಿಟ್ಟಲ್ಲಿಂದ ಒಪ್ಪಿಸುತ್ತದೆ. ಅಮೆರಿಕದ ಎಂಐಟಿಯಲ್ಲಿ ಕೀತ್ ವಿನ್‌ಸ್ಟೈನ್ ಮತ್ತು ಹರಿ ಬಾಲಕೃಷ್ಣನ್ ಅವರು 2012ರಲ್ಲಿ ಪ್ರಕಟಿಸಿದ ಮಾಶ್ ಇನ್ನೂ ಚತುರವಾದುದು. ಅದರಲ್ಲಿ ಪ್ರತಿಯೊಂದು ಪ್ಯಾಕೆಟ್ಟೂ ಗುಪ್ತಕೀಲಿಯಿಂದ ಮುದ್ರಿತವಾಗಿರುತ್ತದೆ. ಮುದ್ರೆ ಸರಿಯಿದ್ದು, ಕ್ರಮಸಂಖ್ಯೆ ಹಿಂದಿನದಕ್ಕಿಂತ ಮುಂದಿನದಾಗಿದ್ದರೆ, ಅದು ಯಾವ ವಿಳಾಸದಿಂದ ಬಂದಿತೋ ಆ ವಿಳಾಸಕ್ಕೇ ಆಚೆಯ ಯಂತ್ರ ಉತ್ತರಿಸತೊಡಗುತ್ತದೆ. ಹಸ್ತಾಕ್ಷರವನ್ನು ನೋಡಿ ನಂಬುತ್ತದೆ, ಅಂಚೆಯ ಮೊಹರನ್ನು ನೋಡಿ ಅಲ್ಲ. ಒಂದೇ ಸಂಪರ್ಕವನ್ನು ಹಲವು ದಾರಿಗಳಲ್ಲಿ ಏಕಕಾಲಕ್ಕೆ ನಡೆಸುವ ಬಹುಮಾರ್ಗ ಟಿಸಿಪಿಯನ್ನು 2013ರಿಂದ ಆಪಲ್ ಕಂಪನಿಯ ಫೋನುಗಳು ಬಳಸಿಕೊಂಡಿವೆ. 2021ರ ಮೇ ತಿಂಗಳಲ್ಲಿ ಪ್ರಮಾಣವಾದ ಕ್ವಿಕ್ ಎಂಬ ಕಟ್ಟಳೆಯಲ್ಲಂತೂ ಸಂಪರ್ಕಕ್ಕೆ ವಿಳಾಸದಿಂದ ಬೇರೆಯಾದ ಗುರುತಿನ ಸಂಖ್ಯೆಯೇ ಉಂಟು, ಪಿಎನ್‌ಆರ್‌ನಂತೆ.

ಇಷ್ಟಿದ್ದರೂ ರಾವೂರಿನ ಅರ್ಜಿ ಬರಿದಾದುದೇಕೆ? ವೆಬ್ ಪುಟಗಳಲ್ಲಿ ಟಿಸಿಪಿ ಕಡಿದ ಮಾತ್ರಕ್ಕೆ ಎಲ್ಲವೂ ಮುಳುಗಬೇಕಾಗಿಲ್ಲ. ಬಳಕೆದಾರನ ಗುರುತು ಕುಕಿ ಎಂಬ ಚೀಟಿಯಲ್ಲಿ ಅವನ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಹಾಗಿದ್ದೂ ಹೊರದೂಡುವುದಕ್ಕೆ ಎರಡು ಕಾರಣಗಳು ಸಾಮಾನ್ಯ. ಹಲವು ಸರ್ವರುಗಳಿರುವಲ್ಲಿ, ಬಂದವನ ವಿಳಾಸವನ್ನು ನೋಡಿ ಒಂದೊಂದಕ್ಕೆ ಹಂಚುವ ಪದ್ಧತಿಯುಂಟು; ಅರ್ಜಿಯ ನೆನಪು ಒಂದೇ ಸರ್ವರಿನಲ್ಲಿ ಕುಳಿತಿದ್ದು, ವಿಳಾಸ ಬದಲಾದುದರಿಂದ ಅವನನ್ನು ಬೇರೊಂದಕ್ಕೆ ಕಳುಹಿಸಿದರೆ, ಅಲ್ಲಿ ಅವನನ್ನು ಬಲ್ಲವರಿಲ್ಲ. ಇದು ಶುದ್ಧ ಸೋಮಾರಿತನ. ನೆನಪನ್ನು ಎಲ್ಲ ಸರ್ವರುಗಳಿಗೂ ಸಮಾನವಾದ ಒಂದು ಭಂಡಾರದಲ್ಲಿಟ್ಟರೆ ತೀರಿತು. ಎರಡನೆಯ ಕಾರಣ ಬೇಕೆಂದೇ ಮಾಡಿದುದು. ಚೀಟಿಯನ್ನು ಕದ್ದ ಕಳ್ಳನು ಬೇರೆ ಕಡೆಯಿಂದ ಒಳಹೊಗಬಾರದೆಂದು, ವಿಳಾಸ ಬದಲಾದರೆ ಸೆಷನ್ನನ್ನೇ ರದ್ದುಮಾಡುತ್ತಾರೆ.

ಈ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ವಿಳಾಸವು ದುರ್ಬಲವಾದ ಸಾಕ್ಷಿ. ಜಗತ್ತಿನ ಹಳೆಯ ಬಗೆಯ ವಿಳಾಸಗಳು ಒಟ್ಟು 2ರ 32ನೆಯ ಘಾತ, ಅಂದರೆ ಸುಮಾರು 430 ಕೋಟಿ ಮಾತ್ರ. ಅವು ಸಾಲದೆ, ಮೊಬೈಲ್ ಜಾಲಗಳಲ್ಲಿ ಅನೇಕ ಬಳಕೆದಾರರು ಒಂದೇ ವಿಳಾಸದ ಹಿಂದೆ ಕುಳಿತಿರುವುದು ಸಾಮಾನ್ಯ. ಆದುದರಿಂದ ಅದು ಪಕ್ಕದ ಮನೆಯ ಕಳ್ಳನನ್ನು ತಡೆಯದೆ ಇದ್ದೀತು, ದಾರಿ ಕಡಿದ ಪ್ರಾಮಾಣಿಕನನ್ನು ಮಾತ್ರ ತಪ್ಪದೆ ತಡೆಯುತ್ತದೆ. ಕ್ವಿಕ್ ಕಟ್ಟಳೆಯವರು ಇದೇ ಸಂಶಯಕ್ಕೆ ಉತ್ತರ ಕೊಟ್ಟಿದ್ದಾರೆ: ಹೊಸ ವಿಳಾಸದಿಂದ ಪ್ಯಾಕೆಟ್ ಬಂದರೆ ಸರ್ವರು ಅತ್ತ ಊಹಿಸಲಾಗದ ಒಂದು ಸಂಖ್ಯೆಯನ್ನು ಕಳುಹಿಸಿ, ಅದನ್ನೇ ಮರಳಿ ಒಪ್ಪಿಸಲು ಕೇಳುತ್ತದೆ, ಎಲ್ಲವೂ ಗುಪ್ತಕೀಲಿಯ ಒಳಗೇ ನಡೆಯುತ್ತದೆ. ಅಷ್ಟಕ್ಕೂ ನಂಬಿಕೆ ಸಾಲದಿದ್ದರೆ ಗುಪ್ತಪದವನ್ನು ಮತ್ತೊಮ್ಮೆ ಕೇಳಲಿ, ಬೇಡವೆನ್ನುವವರಾರು? ತುಂಬಿದ ಪುಟಗಳನ್ನು ಅಳಿಸುವುದರಿಂದ ಯಾವ ಕಳ್ಳನೂ ಸಿಕ್ಕಿಬೀಳುವುದಿಲ್ಲ.

ಖರ್ಚಿನ ಮಾತನ್ನೂ ಕೆಲವರು ಎತ್ತುತ್ತಾರೆ. ಎರಡನೆಯ ಕೇಬಲ್ಲನ್ನು ಬಂಡೆಯಲ್ಲಿ ಕೊರೆದು ಹೂಳಲು ಹಣ ಬೇಕು, ಒಪ್ಪಿದೆವು. ಪುಟ ಮುಗಿದಾಗಲೆಲ್ಲ ಅದನ್ನು ಭಂಡಾರಕ್ಕೆ ಸೇರಿಸುವುದಕ್ಕೆ ಬೇಕಾದುದು ಯೋಚನೆ ಮಾತ್ರ. ಪಾವತಿಗೂ ಅಷ್ಟೇ: ಗುಂಡಿ ಒತ್ತುವ ಮೊದಲೇ ಆ ಪಾವತಿಗೆ ಒಂದು ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಎಷ್ಟು ಸಲ ಬಂದರೂ ಒಮ್ಮೆ ಮಾತ್ರ ಹಣ ಪಡೆಯುವಂತೆ ಮಾಡಿದರೆ, ದಾರಿ ಕಡಿದಾಗ ಮತ್ತೆ ಒತ್ತಲು ಯಾರೂ ಹೆದರಬೇಕಾಗಿಲ್ಲ. ಟಿಸಿಪಿ ಪ್ರತಿಯೊಂದು ಬೈಟಿಗೂ ಸಂಖ್ಯೆ ಕೊಟ್ಟು, ಎರಡನೆಯ ಪ್ರತಿ ಬಂದರೆ ಎಸೆದುಬಿಡುವ ಉಪಾಯವೇ ಇದು.

ಸಾರ್ವಜನಿಕ ಸೇವೆಯ ವೆಬ್‌ಸೈಟುಗಳನ್ನು ಒಪ್ಪಿಕೊಳ್ಳುವ ಮೊದಲು ಎಷ್ಟು ಸಾವಿರ ಜನ ಒಟ್ಟಿಗೆ ಬಂದರೆ ತಾಳುತ್ತದೆಂದು ಪರೀಕ್ಷಿಸುವುದುಂಟು. ಅದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನು ಕಡ್ಡಾಯ ಮಾಡಬೇಕೆಂದು ನಾವು ಒತ್ತಾಯಿಸುತ್ತೇವೆ. ಅರ್ಜಿಯ ನಡುವೆ ಕೇಬಲ್ಲನ್ನು ಕಿತ್ತು, ಒಂದು ನಿಮಿಷ ಬಿಟ್ಟು, ಬೇರೆ ಕಂಪನಿಯ ಮೊಬೈಲಿಗೆ ಹೊರಳಿ, ಬಿಟ್ಟ ಅಕ್ಷರದಿಂದ ಮುಂದುವರಿಯಲು ಸಾಧ್ಯವೇ ಎಂದು ನೋಡಲಿ. ಪಾವತಿಯ ಗುಂಡಿ ಒತ್ತಿದ ಮರುಕ್ಷಣದಲ್ಲಿಯೂ ಕಿತ್ತು ನೋಡಲಿ. ಈ ಪರೀಕ್ಷೆಯನ್ನು ಬೆಂಗಳೂರಿನ ಕಚೇರಿಯಲ್ಲಿ ಮಾಡುವ ಬದಲು ರಾವೂರ, ಚಿಂಚೋಳಿಯಂಥ ಊರುಗಳ ಅಂಗಡಿಗಳಲ್ಲಿ ಮಾಡಿದರೆ ಕೇಬಲ್ ಕೀಳುವ ಶ್ರಮವೂ ತಪ್ಪೀತು. ವಿದ್ಯಾರ್ಥಿಮಿತ್ರರೂ ತಮ್ಮ ಕಾಲೇಜಿನಲ್ಲಿ ನಮ್ಮ ಪ್ರಯೋಗವನ್ನು ಮಾಡಿ ನೋಡಬಹುದು. ಮಾಶ್ ಉಚಿತವಾಗಿ ದೊರೆಯುತ್ತದೆ. ಮುಂದಿನ ವಾರ ನಾವು ಅದನ್ನು ಬಳಸಿ ಅದೇ ವಿದ್ಯಾರ್ಥಿಯನ್ನು ಕೇಬಲ್ಲಿನಿಂದ ವೈಫೈಗೆ ಹೊರಳಿಸಿದೆವು. ಅವನ ಊರಿನ ಹೆಸರು ಅರ್ಧ ಕೇಬಲ್ಲಿನಲ್ಲಿ, ಅರ್ಧ ಗಾಳಿಯಲ್ಲಿ ಸಾಗಿ ಪೂರ್ಣವಾಗಿ ಮೂಡಿತು.

ಝೆರಾಕ್ಸ್ ಅಂಗಡಿಯ ಅರ್ಜಿ ಆ ರಾತ್ರಿ ಒಂಬತ್ತು ಗಂಟೆಗೆ, ಎರಡನೆಯ ಸಲದ ಶುಲ್ಕದೊಡನೆ, ಸಲ್ಲಿಕೆಯಾಯಿತು. ಮೊದಲ ಸಲದ ಶುಲ್ಕ ಇಪ್ಪತ್ತಮೂರು ದಿನಗಳ ಮೇಲೆ ಅವಳ ತಂದೆಯ ಖಾತೆಗೆ ಮರಳಿತು.